ಕಾಲೇಜಿನ ಡ್ರೈವಿನಲ್ಲಿ ನಾಣ್ಯ ಬೆಳೆಯಲು ಹೊರಟಿರುವ ತಮ್ಮನ ಮಗನಿಗೆ

ಪುಟ್ಟಾ,

ಚಿಯಾ ಎಂಬ ಕ್ರಿಪ್ಟೋ ನಾಣ್ಯದ ಬಗ್ಗೆ ನೀನು ಕೇಳಿದ್ದಕ್ಕೆ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಡುವುದು ಬೇಡ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜು ಕೊಟ್ಟಿರುವ ಡ್ರೈವಿನಲ್ಲಿ ಬೇಕಾದಷ್ಟು ಜಾಗ ಬಿದ್ದಿದೆ, ಅದರಲ್ಲಿ ಪ್ಲಾಟ್ ಫೈಲುಗಳನ್ನು ತುಂಬಿಟ್ಟರೆ ಡಿಸ್ಕಿನ ಖರ್ಚೂ ಇಲ್ಲ, ಕರೆಂಟ್ ಬಿಲ್ಲೂ ಇಲ್ಲ, ಸುಮ್ಮನೆ ದುಡ್ಡು ಬರುತ್ತದಲ್ಲವೇ ದೊಡ್ಡಪ್ಪ ಎಂದೆ. ಬೇರೆಯವರ ಡೇಟಾ ಕಾಯುವುದೇ ನನ್ನ ಹೊಟ್ಟೆಪಾಡಾಗಿತ್ತು. ಆ ಅನುಭವದ ಮೇಲೆ ಹೇಳುತ್ತೇನೆ: ಮಾಡಬೇಡ. ಬರೀ ಬೇಡ ಅಂದರೆ ನೀನು ಒಪ್ಪುವವನಲ್ಲ, ಒಪ್ಪಲೂಬಾರದು. ಎಂಜಿನಿಯರಿಂಗ್ ಓದುತ್ತಿದ್ದೀಯ, ಲೆಕ್ಕ ಕೇಳುವ ಹಕ್ಕು ನಿನಗಿದೆ. ಲೆಕ್ಕದ ಸಮೇತವೇ ಹೇಳುತ್ತೇನೆ.

ಮೊದಲಿಗೆ, ಚಿಯಾದ ಹಿಂದಿರುವ ವಿಚಾರ ಕಳಪೆಯದಲ್ಲ. ಬಿಟ್‌ಟೊರೆಂಟನ್ನು 2001ರಲ್ಲಿ ಬರೆದ ಬ್ರಾಮ್ ಕೋಹೆನ್ 2017ರಲ್ಲಿ ಕಟ್ಟಿದ ಕಂಪನಿಯ ನಾಣ್ಯ ಅದು. ಬಿಟ್‌ಕಾಯಿನ್ ಗಣಿಗಾರಿಕೆ ಊರೂರಿಗೆ ಸಾಲುವಷ್ಟು ಕರೆಂಟು ಕುಡಿಯುತ್ತದೆ. ಅದಕ್ಕೆ ಬದಲಾಗಿ, ಜನರ ಕಂಪ್ಯೂಟರುಗಳಲ್ಲಿ ಬಳಸದೆ ಉಳಿದಿರುವ ಡಿಸ್ಕ್ ಜಾಗವನ್ನೇ ಪುರಾವೆಯಾಗಿ ಬಳಸಿದರೆ ಹೇಗೆ ಎಂಬುದು ಮೂಲ ಪ್ರಶ್ನೆ. ಅದಕ್ಕೂ ಮೊದಲೇ ಜೆಂಬೋವ್‌ಸ್ಕಿ, ಫೌಸ್ಟ್, ಕೊಲ್ಮೊಗೊರೊವ್ ಮತ್ತು ಪಿಯೆತ್‌ಶಾಕ್ ಎಂಬ ನಾಲ್ವರು ವಿಜ್ಞಾನಿಗಳು 'ಪ್ರೂಫ್ಸ್ ಆಫ್ ಸ್ಪೇಸ್' ಎಂಬ ಪ್ರಬಂಧದಲ್ಲಿ ಇದರ ಗಣಿತಕ್ಕೆ ಬುನಾದಿ ಹಾಕಿದ್ದರು. 2015ರ ಕ್ರಿಪ್ಟೋ ಸಮ್ಮೇಳನದಲ್ಲಿ ಅದು ಪ್ರಕಟವಾಯಿತು. ಜಾಗದ ಪುರಾವೆಯ ಜೊತೆಗೆ ಕಾಲದ ಪುರಾವೆಯನ್ನೂ ಹೆಣೆದದ್ದು ಕೋಹೆನ್ ಅವರ ತಂಡ. ಇಷ್ಟೊತ್ತು ಕಳೆದಿದೆ ಎಂಬುದನ್ನು ಯಾರೂ ಅಡ್ಡದಾರಿಯಲ್ಲಿ ಬೇಗ ಮುಗಿಸಲಾಗದ ಒಂದು ಲೆಕ್ಕದ ಮೂಲಕ ತೋರಿಸುತ್ತಾರೆ. ಓದಿದರೆ ಖುಷಿಯಾಗುತ್ತದೆ, ನಿಜವಾಗಲೂ ಓದು.

ಈಗ ಪ್ಲಾಟ್ ಎಂದರೇನು ಎಂಬುದನ್ನು ಹತ್ತಿರದಿಂದ ನೋಡು. ಮುಖ್ಯ ಜಾಲ ಒಪ್ಪುವ ಅತಿ ಚಿಕ್ಕ ಗಾತ್ರಕ್ಕೆ ಕೆ-32 ಎಂದು ಹೆಸರು. ಅಂಥ ಒಂದು ಮೂಲ ಮಾದರಿಯ ಫೈಲು ಸುಮಾರು 101 ಗಿಬಿಬೈಟ್, ಅಂದರೆ ಅಂಗಡಿಯವರ ಲೆಕ್ಕದಲ್ಲಿ ಸುಮಾರು 109 ಗಿಗಾಬೈಟ್. ಅದನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಮೊದಲ ಸಾಲಿನಲ್ಲಿ 'ಪ್ರೂಫ್ ಆಫ್ ಸ್ಪೇಸ್ ಪ್ಲಾಟ್' ಎಂಬ ಅಕ್ಷರಗಳು ಕಾಣುತ್ತವೆ. ಆಮೇಲೆ ಆ ಪ್ಲಾಟಿನ ಗುರುತು, ಒಂದಿಷ್ಟು ಕೀಲಿಗಳ ವಿವರ. ಅದಾದ ಮೇಲೆ ಕೊನೆಯವರೆಗೂ ಬರೀ ಗೊಂದಲದ ಅಂಕಿಗಳು. ಪುಟದ ಮೇಲೆ ಪುಟ ಇಳಿಸುತ್ತಾ ಹೋಗು, ಒಂದು ಪದ, ಒಂದು ಚಿತ್ರ, ಒಂದು ವಿನ್ಯಾಸ ಸಿಕ್ಕುವುದಿಲ್ಲ. ಜಿಪ್ ಮಾಡಿ ನೋಡು, ಗಾತ್ರ ಇಳಿಯುವುದಿಲ್ಲ. ಇಡೀ ಪ್ರಪಂಚದಲ್ಲಿ ಅದರಿಂದ ಉಪಯೋಗವಿರುವುದು ಒಂದೇ ಒಂದಕ್ಕೆ: ಇಷ್ಟು ಜಾಗ ನನ್ನ ವಶದಲ್ಲಿದೆ ಎಂದು ತೋರಿಸುವುದಕ್ಕೆ.

ಜಾಲವು ಸುಮಾರು ಒಂಬತ್ತು ಸೆಕೆಂಡಿಗೊಮ್ಮೆ ಒಂದು ಸವಾಲನ್ನು ಎಲ್ಲರಿಗೂ ಕಳಿಸುತ್ತದೆ. ಮೊದಲಿನ ನಿಯಮದಂತೆ ನಿನ್ನ ಪ್ಲಾಟುಗಳಲ್ಲಿ 512ಕ್ಕೆ ಒಂದು ಮಾತ್ರ ಆ ಸವಾಲಿನ ಸೋಸುವಿಕೆಯಲ್ಲಿ ಪಾಸಾಗುತ್ತಿತ್ತು. ಪಾಸಾದ ಪ್ಲಾಟಿನ ಒಳಗೆ ಏಳೆಂಟು ಕಡೆ ಹುಡುಕಿ, ಸವಾಲಿಗೆ ಹತ್ತಿರದ ಉತ್ತರ ಇದೆಯೇ ನೋಡಬೇಕು. ಇದ್ದರೆ ಇನ್ನೂ ಹಲವು ಕಡೆ ಓದಿ ಪೂರ್ತಿ ಪುರಾವೆಯನ್ನು ಕಳಿಸಬೇಕು, ಅದೂ ಅರ್ಧ ನಿಮಿಷದೊಳಗೆ. ಗೆದ್ದವರಿಗೆ ಬಹುಮಾನ. ಪ್ಲಾಟ್ ಜಾಸ್ತಿ ಇದ್ದವರಿಗೆ ಗೆಲ್ಲುವ ಸಂಭವ ಜಾಸ್ತಿ. ದಿನಕ್ಕೆ ಸುಮಾರು 4,608 ಬಹುಮಾನಗಳು ಇಡೀ ಜಗತ್ತಿಗೆ. ಆರಂಭದಲ್ಲಿ ಒಂದೊಂದಕ್ಕೆ 2 ಚಿಯಾ ಇತ್ತು, 2024ರ ಮಾರ್ಚಿನಿಂದ 1 ಆಗಿದೆ.

2021ರ ಮಾರ್ಚಿನಲ್ಲಿ ಜಾಲ ಶುರುವಾಯಿತು, ಮೇ 3ರಿಂದ ನಾಣ್ಯವನ್ನು ಕೈ ಬದಲಿಸಲು ಅವಕಾಶವಾಯಿತು. ಅದೇ ತಿಂಗಳು ಬೆಲೆ 1,500 ಡಾಲರು ದಾಟಿತು. ಆಮೇಲೆ ನಡೆದದ್ದು ಗೀಳು. ಹಾಂಗ್‌ಕಾಂಗಿನಲ್ಲಿ, ವಿಯೆಟ್ನಾಮಿನಲ್ಲಿ, ಚೀನಾದ ಊರುಗಳಲ್ಲಿ ದೊಡ್ಡ ಹಾರ್ಡ್ ಡಿಸ್ಕುಗಳು ಅಂಗಡಿಯಲ್ಲಿ ಸಿಗದಂತಾದವು. ನಮ್ಮಲ್ಲಿ ಆಗ ಕೊರೊನಾದ ಎರಡನೇ ಅಲೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳೇ ಬಾಗಿಲು ಹಾಕಿದ್ದ ದಿನಗಳು, ಅದರಿಂದ ನಮಗೆ ಅದರ ಬಿಸಿ ನೇರವಾಗಿ ತಟ್ಟಿದ್ದು ಕಡಿಮೆ. ಬಳಸದೆ ಉಳಿದ ಜಾಗ ಎಂದು ಶುರುವಾದ ಮಾತು ಕೆಲವೇ ವಾರಗಳಲ್ಲಿ ಹೊಸ ಡಿಸ್ಕುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ತುಂಬುವ ಮಾತಾಯಿತು. ಪ್ಲಾಟ್ ಮಾಡುವಾಗ ಇನ್ನೊಂದು ಪೆಟ್ಟೂ ಇತ್ತು. ಒಂದು ಪ್ಲಾಟ್ ತಯಾರಾಗುವಷ್ಟರಲ್ಲಿ ತಾತ್ಕಾಲಿಕ ಡಿಸ್ಕಿನ ಮೇಲೆ ಸುಮಾರು ಒಂದೂವರೆ ಟೆರಾಬೈಟ್ ಬರೆದು ಅಳಿಸಿ ಆಗಿರುತ್ತಿತ್ತು. ಮನೆಬಳಕೆಯ ಒಳ್ಳೆಯ ಒಂದು ಟೆರಾಬೈಟಿನ ಎಸ್‌ಎಸ್‌ಡಿಗೆ ಕಂಪನಿ ಕೊಡುವ ಭರವಸೆಯೇ 600 ಟೆರಾಬೈಟ್ ಬರಹದಷ್ಟು. ನಾನೂರು ಪ್ಲಾಟ್ ಮಾಡಿದರೆ ಅದರ ಆಯಸ್ಸು ಲೆಕ್ಕದ ಪ್ರಕಾರ ಮುಗಿಯಿತು. ಗಣಿಗಾರಿಕೆಗೆ ಬಳಸಿದರೆ ವಾರಂಟಿ ಇಲ್ಲ ಎಂದು ಗ್ಯಾಲಾಕ್ಸ್ ಎಂಬ ಕಂಪನಿ ಆಗಲೇ ಘೋಷಿಸಿತು. (ಹಳೆಯ ಎಸ್‌ಎಸ್‌ಡಿ ಅಗ್ಗಕ್ಕೆ ಸಿಕ್ಕಿತು ಎಂದು ಯಾರಾದರೂ ನಿನಗೆ ಕೊಡಲು ಬಂದರೆ, ಅದರ ಮೇಲೆ ಒಟ್ಟು ಎಷ್ಟು ಬರೆದಾಗಿದೆ ಎಂಬುದನ್ನು ಸ್ಮಾರ್ಟ್ ವರದಿಯಲ್ಲಿ ನೋಡದೆ ದುಡ್ಡು ಕೊಡಬೇಡ.)

ಡಿಸ್ಕು ಸಿಗದಾದಾಗ ಜನರ ಕಣ್ಣು ಕ್ಲೌಡಿನ ಮೇಲೆ ಬಿತ್ತು. ಗೂಗಲ್‌ನ ಜಿ ಸೂಟ್ ಬಿಸಿನೆಸ್ ಎಂಬ ಹಳೆಯ ಯೋಜನೆಯಲ್ಲಿ ತಿಂಗಳಿಗೆ 12 ಡಾಲರಿಗೆ ಮಿತಿಯಿಲ್ಲದ ಜಾಗ ಸಿಗುತ್ತಿತ್ತು. ಐದು ಜನಕ್ಕಿಂತ ಕಡಿಮೆ ಬಳಕೆದಾರರಿದ್ದರೆ ಒಬ್ಬೊಬ್ಬರಿಗೆ ಒಂದು ಟೆರಾಬೈಟ್ ಮಾತ್ರ ಎಂಬ ನಿಯಮವೇನೋ ಇತ್ತು, ಆದರೆ ಅದನ್ನು ಜಾರಿ ಮಾಡಿರಲಿಲ್ಲ. ಆರ್‌ಕ್ಲೋನ್ ಎಂಬ ಸಾಧನದಿಂದ ಆ ಡ್ರೈವನ್ನು ತಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಂತೆ ಜೋಡಿಸಿಕೊಂಡು, ಚಿಯಾ ತಂತ್ರಾಂಶಕ್ಕೆ ಅದನ್ನೇ ತೋರಿಸಿ ಪ್ಲಾಟ್ ತುಂಬಿಸತೊಡಗಿದರು. ನಿನಗೆ ಗೆಳೆಯನೊಬ್ಬ ಈಗ ಹೇಳಿಕೊಟ್ಟಿರುವ ಉಪಾಯ ಅದೇ, ಹೊಸತೇನೂ ಅಲ್ಲ.

ಅದು ಹೇಗೆ ನಡೆಯುತ್ತದೆ ನೋಡು. ಒಬ್ಬ ಬಳಕೆದಾರ ದಿನಕ್ಕೆ 750 ಗಿಗಾಬೈಟಿಗಿಂತ ಹೆಚ್ಚು ಏರಿಸಲು ಗೂಗಲ್ ಬಿಡುವುದಿಲ್ಲ. ಅಂದರೆ ದಿನಕ್ಕೆ ಹೆಚ್ಚೆಂದರೆ ಆರು ಪೂರ್ತಿ ಪ್ಲಾಟು. 100 ಎಂಬಿಪಿಎಸ್ ವೇಗದಲ್ಲಿ ಏರಿಸಲು ಸಾಧ್ಯವಿರುವ ಲೈನು ಇದ್ದರೂ ಒಂದು ಪ್ಲಾಟಿಗೆ ಎರಡೂವರೆ ಗಂಟೆಯ ಹತ್ತಿರ ಬೇಕು. ನೂರು ಪ್ಲಾಟ್ ಏರಿಸಲು ಎರಡು ವಾರದ ಮೇಲೆ, ಅಷ್ಟೂ ದಿನ ಹಾಸ್ಟೆಲಿನ ವೈಫೈಯನ್ನು ನೀನೊಬ್ಬನೇ ಹಿಂಡುತ್ತಿರುತ್ತೀಯ, ಪಕ್ಕದ ರೂಮಿನವರು ಅಸೈನ್‌ಮೆಂಟ್ ಕಳಿಸಲಾಗದೆ ಪರದಾಡುತ್ತಿರುತ್ತಾರೆ. 2021ರ ಜುಲೈನಲ್ಲಿ ಹಲವರು ಸೇರಿ ಬಹುಮಾನ ಹಂಚಿಕೊಳ್ಳುವ ಪೂಲ್ ವ್ಯವಸ್ಥೆ ಚಿಯಾದಲ್ಲಿ ಅಧಿಕೃತವಾಗಿ ಬಂದಾಗ ಹಳೆಯ ಪ್ಲಾಟುಗಳು ಅದಕ್ಕೆ ಹೊಂದಲಿಲ್ಲ. ಸೇರಬೇಕೆಂದವರು ಎಲ್ಲವನ್ನೂ ಅಳಿಸಿ ಮೊದಲಿಂದ ಮಾಡಬೇಕಾಯಿತು. ತಿಂಗಳುಗಟ್ಟಲೆ ಏರಿಸಿದ್ದೆಲ್ಲಾ ನೀರುಪಾಲು.

ಓದುವುದು ಇನ್ನೂ ಕಷ್ಟ. ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ಕಡೆ ಹುಡುಕಿ ಓದಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಏಳೆಂಟು ಕಡೆ ಓದಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದೇ ಫೈಲು ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿದ್ದರೆ ಪ್ರತಿ ಓದಿಗೂ ಒಂದು ಕೋರಿಕೆ, ಒಂದು ಪರಿಶೀಲನೆ, ಒಂದು ಉತ್ತರ. ಒಂದು ಓದಿನ ಉತ್ತರ ಬಂದ ಮೇಲೆಯೇ ಮುಂದಿನದು ಎಲ್ಲಿ ಓದಬೇಕೆಂದು ತಿಳಿಯುವುದರಿಂದ ಅವು ಸಾಲಾಗಿ ನಿಲ್ಲುತ್ತವೆ. ಪ್ಲಾಟ್ ಸಾವಿರ ಮುಟ್ಟಿದರೆ ಕೋರಿಕೆಗಳ ಮಿತಿ ತಾಗಿ ಡ್ರೈವು ತಡೆ ಹಾಕುತ್ತದೆ. ಗೆಲ್ಲುವ ಪುರಾವೆ ಕೈಯಲ್ಲಿದ್ದೂ ಹೊತ್ತು ಮೀರಿ ಕಳೆದುಕೊಂಡವರು ಆಗ ಎಷ್ಟೋ ಜನ.

ಇದೆಲ್ಲಾ ಜಾಣತನದಿಂದ ದಾಟಬಹುದು ಅನ್ನುತ್ತೀಯ. ಸರಿ, ದಾಟಿದೆ ಎಂದೇ ಇಟ್ಟುಕೊಳ್ಳೋಣ. 2021ರ ಜುಲೈ ಹೊತ್ತಿಗೆ ಇಡೀ ಜಾಲದಲ್ಲಿ ತುಂಬಿದ್ದ ಜಾಗ ಸುಮಾರು 30 ಎಕ್ಸ್‌ಬಿಬೈಟ್. ಅದನ್ನು ಕೆ-32 ಪ್ಲಾಟಿನ ಗಾತ್ರದಿಂದ ಭಾಗಿಸು: ಮೂವತ್ತೊಂದು ಮೂವತ್ತೆರಡು ಕೋಟಿ ಪ್ಲಾಟು. ನಿನ್ನದು ನೂರು. ದಿನಕ್ಕೆ 4,608 ಬಹುಮಾನ. ಸರಾಸರಿ ಒಂದು ಬಹುಮಾನ ನಿನ್ನ ಪಾಲಿಗೆ ಬರಲು 690 ದಿನದ ಹತ್ತಿರ, ಅಂದರೆ ಎರಡು ವರ್ಷಕ್ಕೆ ನಲವತ್ತು ದಿನವಷ್ಟೇ ಕಡಿಮೆ. ಸರಾಸರಿ ಎಂದೆ, ಗಮನಿಸು. ಮೂರು ವರ್ಷ ಕಾದರೂ ಬಾರದೆ ಇರಬಹುದು. ಪೂಲಿಗೆ ಸೇರಿದರೆ ಅದೇ ಮೊತ್ತ ಚಿಲ್ಲರೆಯಾಗಿ ಬರುತ್ತದೆ, ಹೆಚ್ಚಾಗುವುದಿಲ್ಲ. ಅಷ್ಟರಲ್ಲಿ ಬೆಲೆ ಏನಾಯಿತು? 2021ರ ಮೇ ತಿಂಗಳಲ್ಲಿ 1,500 ಡಾಲರು ದಾಟಿದ್ದು ವರ್ಷ ತುಂಬುವುದರೊಳಗೆ ನೂರು ಡಾಲರಿಗಿಂತ ಕೆಳಗಿಳಿಯಿತು.

ಈಗ ಅದೇ ನೂರು ಪ್ಲಾಟನ್ನು ದುಡ್ಡು ಕೊಟ್ಟು ಅಮೆಜಾನ್‌ನ ಎಸ್-3ಯಲ್ಲಿ ಇಟ್ಟರೆ ಎಷ್ಟಾಗುತ್ತದೆ ನೋಡು. ಸಾಮಾನ್ಯ ದರ್ಜೆಯಲ್ಲಿ ಗಿಗಾಬೈಟಿಗೆ ತಿಂಗಳಿಗೆ ಎರಡೂಕಾಲು ಸೆಂಟಿನ ಆಸುಪಾಸು. ಒಂದು ಪ್ಲಾಟಿಗೆ ಎರಡೂವರೆ ಡಾಲರು, ನೂರಕ್ಕೆ 250 ಡಾಲರು, ಪ್ರತಿ ತಿಂಗಳೂ. ಆ ಒಂದು ಬಹುಮಾನ ಬರುವಷ್ಟರಲ್ಲಿ ಐದೂವರೆ ಸಾವಿರ ಡಾಲರಿನ ಮೇಲೆ ಖರ್ಚಾಗಿ, ಕೈಗೆ ಬರುವುದು ಆಗಿನ ಬಹುಮಾನದ ಲೆಕ್ಕದಲ್ಲೂ ಇನ್ನೂರು ಡಾಲರೂ ತುಂಬದ ಎರಡು ನಾಣ್ಯ. ಓದುವ ಪ್ರತಿ ಕೋರಿಕೆಗೂ ಬೇರೆ ಶುಲ್ಕವಿದೆ, ಅದನ್ನು ಸೇರಿಸಿಯೇ ಇಲ್ಲ.

ಜಾಗಕ್ಕೆ ನ್ಯಾಯವಾದ ಬೆಲೆ ಕೊಟ್ಟು ಕ್ಲೌಡಿನಲ್ಲಿ ಈ ಬೆಳೆ ಬೆಳೆದರೆ ಖಂಡಿತ ಗಿಟ್ಟುವುದಿಲ್ಲ. ಗಿಟ್ಟಬೇಕಾದರೆ ಬಿಲ್ಲನ್ನು ಬೇರೆ ಯಾರಾದರೂ ಕಟ್ಟಬೇಕು. ನಿನ್ನ ಯೋಜನೆಯಲ್ಲಿ ಕರೆಂಟು ಬಿಲ್ಲು ಇಲ್ಲ ಎಂದೆಯಲ್ಲ, ಬಿಲ್ಲು ಇದೆ, ಬರುವುದು ನಿನ್ನ ಹೆಸರಿಗಲ್ಲ ಅಷ್ಟೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಆ ಯಾರೋ ಯಾರು ಎಂಬುದನ್ನು ನಾನು ಕಂಡಿದ್ದೇನೆ. ನಿನಗೆ ಡ್ರೈವು ಎಂದರೆ ಪರದೆಯ ಮೇಲಿನ ಒಂದು ಚಿತ್ರ, ಅದರ ಕೆಳಗೆ ಎಷ್ಟು ತುಂಬಿದೆ ಎಂಬ ನೀಲಿ ಪಟ್ಟಿ. ನನಗೆ ಅದು ರ‍್ಯಾಕು. ನಾನು ಕೆಲಸ ಮಾಡುತ್ತಿದ್ದ ಡೇಟಾ ಸೆಂಟರಿನಲ್ಲಿ ಡಿಸ್ಕಿನ ಶೆಲ್ಫುಗಳು ತಲೆಯೆತ್ತರದವರೆಗೂ ಇದ್ದವು. ಒಂದು ಕಡೆಯ ಸಂದಿನಲ್ಲಿ ಮೈ ಕೊರೆಯುವ ತಣ್ಣನೆ ಗಾಳಿ, ಹಿಂಬದಿಗೆ ಹೋದರೆ ಒಲೆಯ ಮುಂದೆ ನಿಂತಷ್ಟು ಬಿಸಿ. ಫ್ಯಾನುಗಳ ಸದ್ದಿನಲ್ಲಿ ಪಕ್ಕದವರೊಂದಿಗೆ ಕೂಗಿಯೇ ಮಾತಾಡಬೇಕು. ಹಸಿರು ದೀಪಗಳ ಸಾಲಿನಲ್ಲಿ ಒಂದು ಕಿತ್ತಳೆ ಬಣ್ಣಕ್ಕೆ ತಿರುಗಿತೆಂದರೆ ಆ ಡಿಸ್ಕು ಸತ್ತಿದೆ. ಲಿವರ್ ಒತ್ತಿ ಹೊರಗೆಳೆದರೆ ಕೈಯಲ್ಲಿ ಇನ್ನೂ ಬಿಸಿ, ಒಳಗಿನ ತಟ್ಟೆ ನಿಲ್ಲುವವರೆಗೆ ಬೆರಳಿಗೆ ಸಣ್ಣ ನಡುಕ. ಹೊಸದನ್ನು ತಳ್ಳಿ ಕೂರಿಸಿದ ಮೇಲೆ ಉಳಿದ ಡಿಸ್ಕುಗಳೆಲ್ಲಾ ಸೇರಿ ಅದರೊಳಗೆ ಕಳೆದುಹೋದ ಡೇಟಾವನ್ನು ಮತ್ತೆ ಕಟ್ಟಲು ಶುರುಮಾಡುತ್ತವೆ. ದೊಡ್ಡ ಡಿಸ್ಕಾದರೆ ಇಡೀ ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಸತ್ತರೆ ಏನು ಗತಿ ಎಂದು ರಾತ್ರಿ ಪಾಳಿಯ ಹುಡುಗರು ಪರದೆ ನೋಡುತ್ತಾ ಕೂರುತ್ತಾರೆ. ಆ ಕಷ್ಟಕ್ಕೆ ಒಂದು ಅರ್ಥವಿತ್ತು: ಒಳಗಿರುವುದು ಯಾರದೋ ಆಸ್ಪತ್ರೆಯ ಸ್ಕ್ಯಾನು, ಯಾರದೋ ಸಂಬಳದ ಪಟ್ಟಿ.

ಪ್ಲಾಟ್ ಫೈಲಿಗೂ ಅದೇ ಕಾವಲು ಸಿಗುತ್ತದೆ, ಪುಟ್ಟಾ. ಕ್ಲೌಡಿನವರು ಯಾವ ಫೈಲನ್ನೂ ಒಂದೇ ಡಿಸ್ಕಿನಲ್ಲಿ ಇಡುವುದಿಲ್ಲ. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ ಉಳಿಯಲಿ ಎಂದು ಪ್ರತಿಗಳನ್ನೋ ತುಣುಕುಗಳನ್ನೋ ಹಲವು ಕಡೆ ಹಂಚಿಡುತ್ತಾರೆ. ಕಳೆದುಹೋದರೆ ಇನ್ನೊಂದು ಮಾಡಿಕೊಂಡರಾಯಿತು ಎನ್ನುವಂಥ ಗೊಂದಲದ ಅಂಕಿಗಳಿಗೆ, ಒಂದು ಮದುವೆಯ ಫೋಟೊಗಳಿಗೆ ಸಿಗುವಷ್ಟೇ ರಕ್ಷಣೆ, ಅಷ್ಟೇ ಕರೆಂಟು. ಇದು ನನಗೆ ನಿಜವಾಗಿಯೂ ಹೊಟ್ಟೆ ಉರಿಸುವ ಸಂಗತಿ.

ಮಿತಿಯಿಲ್ಲ ಎಂದು ಅವರೇ ಹೇಳಿದ್ದರಲ್ಲ, ತಪ್ಪು ಅವರದೇ ಎಂದು ನೀನು ವಾದಿಸುತ್ತೀಯ ಎಂದು ಗೊತ್ತು. ಬೆಂಗಳೂರಿನ ಹೋಟೆಲಿನಲ್ಲಿ ಫುಲ್ ಮೀಲ್ಸಿನ ಕೂಪನ್ ತೆಗೆದುಕೊಂಡರೆ ಅನ್ನ ಸಾರು ಎಷ್ಟು ಬೇಕಾದರೂ ಬಡಿಸುತ್ತಾರೆ, ಆದರೆ ಮೀಲ್ಸ್ ಪಾರ್ಸಲ್ ಇಲ್ಲ ಎಂದು ಗಲ್ಲಾದ ಹಿಂದೆ ಬರೆದಿರುತ್ತದೆ. ಮನುಷ್ಯನ ಹೊಟ್ಟೆಗೆ ಇರುವ ಅಳತೆಯನ್ನು ನಂಬಿ ಹೋಟೆಲಿನವನು ಆ ದರ ಇಟ್ಟಿದ್ದಾನೆ. ಕ್ಲೌಡಿನವರ ಲೆಕ್ಕವೂ ಹಾಗೆಯೇ. ಹೆಚ್ಚು ಜನ ಸ್ವಲ್ಪವೇ ಇಡುತ್ತಾರೆ, ಕೆಲವರು ಜಾಸ್ತಿ ಇಡುತ್ತಾರೆ, ಒಂದೇ ಫೈಲನ್ನು ನೂರು ಜನ ಇಟ್ಟಿದ್ದರೆ ಒಂದೇ ಪ್ರತಿಯಲ್ಲಿ ನಿಭಾಯಿಸಬಹುದು, ಬರಹವನ್ನು ಕುಗ್ಗಿಸಿಡಬಹುದು. ಪ್ಲಾಟ್ ಈ ಎಲ್ಲವನ್ನೂ ಮುರಿಯುತ್ತದೆ. ಅದು ಕುಗ್ಗುವುದಿಲ್ಲ, ಒಬ್ಬನದು ಇನ್ನೊಬ್ಬನದಕ್ಕೆ ಹೋಲುವುದಿಲ್ಲ, ತುಂಬುವವನಿಗೆ ಸಾಕು ಎನ್ನುವುದು ಇರುವುದಿಲ್ಲ.

ಈ ನಂಬಿಕೆ ಮುರಿದಾಗಲೆಲ್ಲಾ ಏನಾಯಿತು ಎಂಬುದು ಎಲ್ಲರ ಕಣ್ಣೆದುರಿಗೇ ಇದೆ. ಚಿಯಾ ಇನ್ನೂ ಹುಟ್ಟದಿದ್ದ 2015ರಲ್ಲಿ, ಒಬ್ಬೊಬ್ಬರು 75 ಟೆರಾಬೈಟಿನ ಮೇಲೆ ತುಂಬಿದ್ದಾರೆಂದು ಮೈಕ್ರೋಸಾಫ್ಟ್ ತನ್ನ ಒನ್‌ಡ್ರೈವ್‌ನ ಮಿತಿಯಿಲ್ಲದ ಯೋಜನೆಯನ್ನು ನಿಲ್ಲಿಸಿತು. 2017ರಲ್ಲಿ ಅಮೆಜಾನ್ ನಿಲ್ಲಿಸಿತು. ಡ್ರಾಪ್‌ಬಾಕ್ಸ್ ತನ್ನ ಅಡ್ವಾನ್ಸ್ಡ್ ಯೋಜನೆಯಲ್ಲಿ ಕೊಡುತ್ತಿದ್ದ ಬೇಕಾದಷ್ಟು ಜಾಗವನ್ನು 2023ರ ಆಗಸ್ಟಿನಲ್ಲಿ ಹಿಂತೆಗೆದುಕೊಂಡಾಗ ಚಿಯಾ ಗಣಿಗಾರಿಕೆಯನ್ನು ಹೆಸರು ಹೇಳಿಯೇ ಕಾರಣ ಕೊಟ್ಟಿತು. ಇಂಥ ಗಣಿಗಾರರು, ಜಾಗವನ್ನು ಮರುಮಾರಾಟ ಮಾಡುವವರು, ಸಂಬಂಧವೇ ಇಲ್ಲದವರು ಸೇರಿ ಒಂದು ಖಾತೆ ಹಂಚಿಕೊಳ್ಳುವವರು, ನಿಜವಾದ ವ್ಯಾಪಾರಿ ಗ್ರಾಹಕರಿಗಿಂತ ಸಾವಿರಾರು ಪಟ್ಟು ಜಾಗ ತಿನ್ನುತ್ತಿದ್ದರು ಎಂದಿತು. ಹೊಸ ಗ್ರಾಹಕರಿಗೆ ಮೂವರ ತಂಡಕ್ಕೆ 15 ಟೆರಾಬೈಟ್ ಎಂದು ಗೆರೆ ಎಳೆಯಿತು. ಆ ಗೆರೆ ಬಿದ್ದದ್ದು ಸಾಕ್ಷ್ಯಚಿತ್ರ ಮಾಡುವ ಪುಟ್ಟ ತಂಡದ ಮೇಲೂ, ಹಳೆಯ ಧ್ವನಿಮುದ್ರಣಗಳನ್ನು ಉಳಿಸಿಡುತ್ತಿದ್ದ ಸಂಗ್ರಹಕಾರರ ಮೇಲೂ.

ನಿನ್ನ ಕಾಲೇಜಿನ ಡ್ರೈವಿಗೇ ಬರೋಣ. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಕೊಡುತ್ತಿದ್ದ ಮಿತಿಯಿಲ್ಲದ ಜಾಗ ನಿಲ್ಲುತ್ತದೆ ಎಂಬ ಘೋಷಣೆ 2021ರ ಫೆಬ್ರುವರಿಯಲ್ಲೇ ಬಂತು. 2022ರ ಜುಲೈನಿಂದ ಉಚಿತ ಆವೃತ್ತಿಯಲ್ಲಿ ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್. ಪ್ರಿನ್ಸಿಪಾಲರಿಂದ ಹಿಡಿದು ಮೊದಲ ಸೆಮಿಸ್ಟರಿನ ಹುಡುಗಿಯವರೆಗೆ ಎಲ್ಲರಿಗೂ ಸೇರಿ ಅಷ್ಟೇ. ನಿನ್ನ ನೂರು ಪ್ಲಾಟು ಅದರಲ್ಲಿ ಹತ್ತನೇ ಒಂದಕ್ಕಿಂತ ಜಾಸ್ತಿ. ಆ ಒಟ್ಟು ಜಾಗ ತುಂಬಿದ ದಿನ ಯಾರಿಗೂ ಹೊಸ ಫೈಲು ಏರಿಸಲು ಆಗುವುದಿಲ್ಲ. ಪ್ರಾಜೆಕ್ಟ್ ವರದಿ ಸಲ್ಲಿಸುವ ಕೊನೆಯ ದಿನ ಅದಾಗಿದ್ದರೆ? ಯಾರ ಖಾತೆ ಎಷ್ಟು ತಿಂದಿದೆ ಎಂಬ ಪಟ್ಟಿ ಅಡ್ಮಿನ್ ಪರದೆಯಲ್ಲಿ ಒಂದೇ ಕ್ಲಿಕ್ಕಿಗೆ ಸಿಗುತ್ತದೆ. ನಾನೇ ಆ ಕುರ್ಚಿಯಲ್ಲಿದ್ದಿದ್ದರೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೊದಲ ಹೆಸರನ್ನು ನೋಡುತ್ತಿದ್ದೆ. ಅದು ನಿನ್ನದಾಗಿರುತ್ತಿತ್ತು.

ಜಾಗದ ಮಾತು ಬಿಡು, ಬಿಟ್ಟಿ ಸಿಗುತ್ತಿದ್ದ ಕಂಪ್ಯೂಟರ್ ಸಮಯಕ್ಕೂ ಇದೇ ಗತಿಯಾಯಿತು. 2021ರ ಬೇಸಿಗೆಯಲ್ಲಿ ಗಣಿಗಾರರು ಕೋಡು ಬರೆಯುವವರ ತಾಣಗಳಾದ ಗಿಟ್‌ಹಬ್, ಗಿಟ್‌ಲ್ಯಾಬ್, ಡಾಕರ್ ಹಬ್‌ಗಳ ಉಚಿತ ಯಂತ್ರಗಳಿಗೆ ಮುತ್ತಿದರು. ಹೊಸಬರ ಕೋಡು ಓಡಬೇಕಾದರೆ ಯೋಜನೆಯವರ ಒಪ್ಪಿಗೆ ಬೇಕು ಎಂದು ಗಿಟ್‌ಹಬ್ ನಿಯಮ ತಂದಿತು. ಡಾಕರ್ ಹಬ್ ಉಚಿತ ಆಟೊಬಿಲ್ಡನ್ನೇ ನಿಲ್ಲಿಸಿತು. ಹೊಸದಾಗಿ ಸೇರುವವರು ಉಚಿತ ನಿಮಿಷಗಳನ್ನು ಬಳಸಬೇಕಾದರೂ ಕಾರ್ಡ್ ವಿವರ ಕೊಡಬೇಕು ಎಂದು ಗಿಟ್‌ಲ್ಯಾಬ್ ಹೇಳಿತು. ನನಗೆ ಇದರಲ್ಲಿ ತುಂಬಾ ನೋವಾದದ್ದು ಈ ಕೊನೆಯದು. ಹಾವೇರಿಯಲ್ಲೋ ರಾಯಚೂರಿನಲ್ಲೋ ಕೂತು ಮೊದಲ ಸಲ ಕೋಡು ಬರೆಯುವ ಹುಡುಗಿಗೆ, ಅಂತರರಾಷ್ಟ್ರೀಯ ಕಾರ್ಡು ಎಲ್ಲಿಂದ ಬರಬೇಕು? ಅವಳಿಗೆ ತೆರೆದಿದ್ದ ಬಾಗಿಲನ್ನು ಮುಚ್ಚಿಸಿದವರು ಚಿಲ್ಲರೆ ಕಾಸಿಗೆ ಆಸೆಪಟ್ಟ, ನಿನ್ನಷ್ಟೇ ಜಾಣರಾದ ಹುಡುಗರು.

ಕಾಲೇಜಿನದು ಬೇಡವೆಂದರೆ ಜೀವಮಾನದ ಮಿತಿಯಿಲ್ಲದ ಡ್ರೈವು ಕೆಲವು ನೂರು ರೂಪಾಯಿಗೆ ಸಿಗುತ್ತದಂತೆ ಎಂದೂ ಹೇಳಿದೆ. ಅಂಥವು ಬಹಳ ಸಲ ಯಾವುದೋ ದೇಶದ ಯಾವುದೋ ವಿಶ್ವವಿದ್ಯಾಲಯದ ಖಾತೆಯಲ್ಲಿ, ಅವರಿಗೆ ಗೊತ್ತಿಲ್ಲದಂತೆ ತೆರೆದ ಹಂಚಿಕೆ ಡ್ರೈವುಗಳು. ಕದ್ದ ಮಾಲು ಕೊಂಡಂತಾಗುತ್ತದೆ. ಒಂದು ದಿನ ಅವರು ಕಂಡುಹಿಡಿದು ಅಳಿಸಿದರೆ ಕೇಳುವುದಕ್ಕೂ ನಿನಗೆ ಬಾಯಿಲ್ಲ. ಇನ್ನು, ಸಿದ್ಧ ಸ್ಕ್ರಿಪ್ಟ್ ಕೊಡುತ್ತೇವೆ, ನಿಮ್ಮ ಆರ್‌ಕ್ಲೋನ್ ಕಾನ್ಫಿಗ್ ಫೈಲ್ ಕಳಿಸಿ ಅನ್ನುವವರ ಹತ್ತಿರ ಸುಳಿಯಲೇಬೇಡ. ಆ ಪುಟ್ಟ ಫೈಲಿನಲ್ಲಿ ನಿನ್ನ ಡ್ರೈವಿನ ಟೋಕನ್ ಇರುತ್ತದೆ, ಪಾಸ್‌ವರ್ಡ್ ಕೇಳದೆಯೇ ಎಲ್ಲವನ್ನೂ ತೆರೆದುಕೊಳ್ಳಬಹುದು. ಗೂಗಲ್ 2021ರ ನವೆಂಬರಿನಲ್ಲಿ ಹೊರತಂದ ಭದ್ರತಾ ವರದಿಯ ಪ್ರಕಾರ, ಕಳ್ಳರ ಕೈಗೆ ಸಿಕ್ಕ 50 ಕ್ಲೌಡ್ ಯಂತ್ರಗಳನ್ನು ಪರಿಶೀಲಿಸಿದಾಗ ಶೇ 86ರಷ್ಟರಲ್ಲಿ ಕ್ರಿಪ್ಟೋ ಗಣಿಗಾರಿಕೆ ನಡೆದಿತ್ತು. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಬೀಗ ಮುರಿದ 22 ಸೆಕೆಂಡಿನೊಳಗೆ ಗಣಿಗಾರಿಕೆಯ ತಂತ್ರಾಂಶ ಇಳಿದಿತ್ತು. ಅಷ್ಟು ಹಸಿದಿರುವವರು ಅವರು.

ಕಾನೂನನ್ನೂ ಹೇಳಿಬಿಡುತ್ತೇನೆ. ಬೇರೆಯವರ ಕಂಪ್ಯೂಟರ್ ಸಂಪನ್ಮೂಲವನ್ನು ಅನುಮತಿಯಿಲ್ಲದೆ ಬಳಸಿ ನಷ್ಟ ಉಂಟುಮಾಡಿದರೆ ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಬರುತ್ತವೆ. ವಂಚನೆಯ ಉದ್ದೇಶವಿತ್ತು ಎಂದಾದರೆ ಮೂರು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ. ಕಾಲೇಜಿನವರು ಪೊಲೀಸರವರೆಗೆ ಹೋಗುತ್ತಾರೋ ಇಲ್ಲವೋ, ಕ್ಯಾಂಪಸ್ ಪ್ಲೇಸ್‌ಮೆಂಟಿನ ಹೊತ್ತಿಗೆ ಒಂದು ಶಿಸ್ತುಕ್ರಮದ ಕಾಗದ ಸಾಕು ನಿನ್ನಪ್ಪನ ನಿದ್ದೆ ಕೆಡಲು. ತೆರಿಗೆಯೂ ಇದೆ: 2022ರ ಏಪ್ರಿಲ್‌ನಿಂದ ಇಂಥ ನಾಣ್ಯಗಳ ಗಳಿಕೆಗೆ ಶೇ 30 ತೆರಿಗೆ, ಆ ವರ್ಷದ ಜುಲೈನಿಂದ ಮಾರುವಾಗ ಶೇ 1 ಟಿಡಿಎಸ್. ಗಣಿಗಾರಿಕೆಯ ಸಾಧನಗಳಿಗೆ ಹಾಕಿದ ಖರ್ಚನ್ನು ಕಳೆಯಲು ಬಿಡುವುದಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲೇ ಹೇಳಿದೆ.

ಈಗ ಆಗಬೇಕಾದ್ದು ಇಷ್ಟು. ಈಗಾಗಲೇ ಏನಾದರೂ ಏರಿಸಿದ್ದರೆ ಈ ರಾತ್ರಿಯೇ ಅಳಿಸು, ಟ್ರ್ಯಾಶನ್ನೂ ಖಾಲಿ ಮಾಡು, ಅದರಲ್ಲಿ ಉಳಿದದ್ದೂ ಜಾಗದ ಲೆಕ್ಕಕ್ಕೆ ಬರುತ್ತದೆ. ಖಾತೆಯ ಸೆಟ್ಟಿಂಗಿಗೆ ಹೋಗಿ ಆರ್‌ಕ್ಲೋನಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೋ. ಕಾಲೇಜಿನ ಐಟಿ ವಿಭಾಗದವರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು.

ಆದರೆ ನಿನ್ನ ಕುತೂಹಲವನ್ನು ಅಳಿಸಬೇಡ. ಮನೆಯಲ್ಲಿ ಹಳೆಯ ಡಿಸ್ಕು ಬಿದ್ದಿದ್ದರೆ ಅದನ್ನು ಬಳಸು, ಈ ನಾಣ್ಯದ ಮೂಲ ವಿಚಾರ ಇದ್ದದ್ದೇ ಹಾಗೆ. ಮೂರೂವರೆ ಇಂಚಿನ ಒಂದು ಡಿಸ್ಕು ತಿರುಗಲು ಐದಾರು ವ್ಯಾಟ್, ತಿಂಗಳಿಗೆ ನಾಲ್ಕು ಯೂನಿಟ್ಟಿನಷ್ಟು ಕರೆಂಟು. ಅದನ್ನು ನಿನ್ನಪ್ಪನಿಗೆ ಹೇಳಿಯೇ ಉರಿಸು. ದುಡ್ಡಿನ ಆಸೆ ಇಟ್ಟುಕೊಳ್ಳದೆ ಕಲಿಯಲು ಕೆ-25 ಗಾತ್ರದ ಪ್ಲಾಟ್ ಮಾಡಬಹುದು. ಸುಮಾರು 600 ಮೆಗಾಬೈಟ್, ಮುಖ್ಯ ಜಾಲಕ್ಕೆ ನಡೆಯುವುದಿಲ್ಲ, ಆದರೆ ಒಳಗಿನ ರಚನೆಯೆಲ್ಲಾ ಅದೇ, ಲ್ಯಾಪ್‌ಟಾಪಿನಲ್ಲೇ ಆಗುತ್ತದೆ. ಚಿಯಾದ 'ಪ್ಲಾಟ್ಸ್ ಚೆಕ್' ಆಜ್ಞೆ ಕೊಟ್ಟರೆ ಅದು ತಾನೇ ಸವಾಲುಗಳನ್ನು ಹಾಕಿ ಎಷ್ಟಕ್ಕೆ ಪುರಾವೆ ಸಿಕ್ಕಿತೆಂದು ತೋರಿಸುತ್ತದೆ. ಸರಾಸರಿ ಒಂದು ಸವಾಲಿಗೆ ಒಂದು ಪುರಾವೆಯ ಹತ್ತಿರ ಬರಬೇಕು. ಏಕೆ ಹಾಗೆ ಬರುತ್ತದೆ, ಹತ್ತು ಸವಾಲಿಗೆ ನೋಡಿದರೆ ಏಕೆ ಏರುಪೇರಾಗುತ್ತದೆ, ಸಾವಿರಕ್ಕೆ ನೋಡಿದರೆ ಏಕೆ ಸ್ಥಿರವಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬಿಡಿಸು, ನಿಮ್ಮ ಪ್ರಾಬಬಿಲಿಟಿ ಪಾಠ ಪೂರ್ತಿ ಅದರಲ್ಲಿದೆ. ದಸರೆ ರಜೆಗೆ ಮೈಸೂರಿಗೆ ಬರುವಾಗ ಆ ಕಾಗದ, ಲ್ಯಾಪ್‌ಟಾಪು ಎರಡನ್ನೂ ತಾ. ನಾಲ್ವರ ಆ ಪ್ರಬಂಧದಲ್ಲಿ ನನಗೆ ಇನ್ನೂ ಸರಿಯಾಗಿ ಬಿಡಿಸಲು ಬಾರದ ಭಾಗವೊಂದಿದೆ, ಇಬ್ಬರೂ ಕೂತು ನೋಡೋಣ.

ನಿನ್ನ,
ದೊಡ್ಡಪ್ಪ